ನೆರಳು ಹಿಡಿದು ನಡೆದ ಬೇಸಿಗೆ

ಕಳೆದ ತಿಂಗಳು ಸ್ಯಾನ್ ಡಿಯಾಗೊದಲ್ಲಿ ಮಗಳ ಜೊತೆ ಒಂದು ಪಾರ್ಕಿನಲ್ಲಿ ನಡೆಯುತ್ತಿದ್ದೆ. ಮರುಭೂಮಿಯ ಗಿಡಗಳನ್ನಷ್ಟೇ ಬೆಳೆಸಿದ ಒಂದು ಇಳಿಜಾರು ಅಲ್ಲಿದೆ. ಹಿಂದಿನ ದಿನ ನಾಲ್ಕು ಹನಿ ಮಳೆ ಬಿದ್ದಿತ್ತು. ದಾರಿಬದಿಯ ಪೊದೆಯೊಂದರ ಎಲೆ ಕಿತ್ತು ಸುಮ್ಮನೆ ಬೆರಳಲ್ಲಿ ಹೊಸಕಿದೆ. ಸ್ವಲ್ಪ ಟಾರಿನಂಥ, ಸ್ವಲ್ಪ ಕಷಾಯದಂಥ ಆ ವಾಸನೆ ಮೂಗಿಗೆ ಬಡಿದದ್ದೇ ನಿಂತಲ್ಲೇ ನಿಂತುಬಿಟ್ಟೆ. ಕ್ರಿಯೊಸೋಟ್ ಎಂಬ ಪೊದೆ ಅದು. ಟೂಸಾನ್‌ನಲ್ಲಿ ಮಳೆ ಬರುವ ಹೊತ್ತಿಗೆ ಇಡೀ ಊರಿಗೆ ಇದೇ ವಾಸನೆ.

"ಅಮ್ಮಾ, ಆರ್ ಯೂ ಓಕೆ?" ಎಂದಳು ಇಳಾ. ನಾನು ದಾರಿಯಲ್ಲಿ ನಿಂತರೆ ಸಾಕು, ಅವಳ ಕೈ ತಾನಾಗಿ ನನ್ನ ಬೆನ್ನ ಹಿಂದೆ ಬರುತ್ತದೆ.

"ಏನಿಲ್ಲ ಕಣೇ. ಟೂಸಾನ್‌ಗೆ ಹೋದ ಬೇಸಿಗೆ ನೆನಪಾಯ್ತು."

ಅವಳು ನಕ್ಕಳು. "ಓ, ದ ಇಯರ್ ಯೂ ಫಾಟ್ ವಿತ್ ಎವ್ರಿಬಡಿ!"

ಎಲ್ಲರ ಜೊತೆ ಜಗಳ ಕಾದ ವರ್ಷ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ.

ಅದಕ್ಕೆ ಮೊದಲು ಹನ್ನೊಂದು ವರ್ಷ ನಾನು ಹೆಚ್ಚುಕಮ್ಮಿ ಕಾರಿನಲ್ಲೇ ಬದುಕಿದ್ದೆ. ಮನೆ ಲಾಸ್ ಏಂಜಲೀಸಿನ ಮಗ್ಗುಲಿನ ಟೊರೆನ್ಸಿನಲ್ಲಿ. ಗಂಡ ಪ್ರಕಾಶ್ ಅಲ್ಲೇ ಹತ್ತಿರ ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರ್. ನಾನು ಕೆಮಿಸ್ಟ್ರಿ ಪಾಠ ಮಾಡುವವಳು, ಆದರೆ ಎಲ್ಲೂ ಕಾಯಂ ಅಲ್ಲ. ಪಸಡೀನಾ ಕಡೆ ಒಂದು ಕಾಲೇಜು, ಡೈಮಂಡ್ ಬಾರ್ ಎಂಬ ಊರಿನ ಕಡೆ ಒಂದು, ಮನೆಗೆ ಹತ್ತಿರ ಇನ್ನೊಂದು. ಹಿಂದಿನ ಸೀಟಿನಲ್ಲಿ ಮೂರು ಕಾಲೇಜಿನ ಉತ್ತರಪತ್ರಿಕೆಗಳ ಮೂರು ಚೀಲ, ಪಕ್ಕದ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿ. ಫ್ರೀವೇಯಲ್ಲಿ ಗಾಡಿಗಳು ನಿಂತುಬಿಟ್ಟಾಗ ಒಂದೊಂದು ಚಮಚ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಇಳಾ ಹೈಸ್ಕೂಲು ಮುಗಿಸಿ ಸ್ಯಾನ್ ಡಿಯಾಗೊಗೆ ಓದಲು ಹೋದದ್ದೂ ನನಗೆ ಆ ಓಡಾಟದ ನಡುವೆ ಸರಿಯಾಗಿ ಅರಿವಿಗೆ ಬರಲಿಲ್ಲ.

೨೦೨೧ರ ಅಕ್ಟೋಬರಿನ ಒಂದು ಮಧ್ಯಾಹ್ನ ಮನೆಗೆ ಎರಡು ಮೈಲಿ ದೂರದ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಕೆಂಪು ದೀಪ ಕಂಡದ್ದು ನೆನಪಿದೆ. ಆಮೇಲೆ ನೆನಪಿರುವುದು ಯಾರೋ ಕಿಟಕಿಯ ಗಾಜು ಬಡಿಯುತ್ತಿದ್ದ ಸದ್ದು, ಬಾಯಲ್ಲಿ ರಕ್ತದ ರುಚಿ. ಕಾರು ತಾನಾಗಿ ಮುಂದೆ ಉರುಳಿ ಬಸ್ ಸ್ಟಾಪಿನ ಕಂಬಕ್ಕೆ ಹೊಡೆದಿತ್ತು. ಸ್ಟಾಪಿನ ಬೆಂಚಿನ ಮೇಲೆ ಯಾರೂ ಕೂತಿರಲಿಲ್ಲ. ಒಂದು ವೇಳೆ ಕೂತಿದ್ದರೆ ಎಂಬ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮೂರ್ಛೆರೋಗ ಅಂದರು ಡಾಕ್ಟರು. ನಲವತ್ತೇಳನೇ ವಯಸ್ಸಿನಲ್ಲಿ ಹೀಗೆ ಕಾಣಿಸಿಕೊಳ್ಳುವುದೂ ಉಂಟಂತೆ. ಡ್ರೈವಿಂಗ್ ಲೈಸೆನ್ಸು ಅಮಾನತಾಯಿತು. ಅದರ ಬಗ್ಗೆ ನನಗೆ ತಕರಾರಿರಲಿಲ್ಲ. ಆದರೆ ಲಾಸ್ ಏಂಜಲೀಸಿನಲ್ಲಿ ಕಾರು ಹೋದರೆ ಏನೇನು ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದೂರದ ಎರಡು ಕಾಲೇಜು ಬಿಡಬೇಕಾಯಿತು. ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಪ್ರಕಾಶ್ ಬರುವ ತನಕ ಕಾಯಬೇಕು. ಒಮ್ಮೆ ಹಟ ಹಿಡಿದು ಚೀಲ ತಗೊಂಡು ಅಂಗಡಿಗೆ ನಡೆದೇ ಹೊರಟೆ. ನಲವತ್ತು ನಿಮಿಷದ ದಾರಿ. ಫುಟ್‌ಪಾತಿನಲ್ಲಿ ಒಂದು ನರಪಿಳ್ಳೆ ಇಲ್ಲ. ಕಾರೊಂದು ನಿಧಾನವಾಗಿ ಪಕ್ಕಕ್ಕೆ ಬಂದು, ಒಳಗಿದ್ದ ಹೆಂಗಸು ಗಾಜು ಇಳಿಸಿ, "ಏನಾದರೂ ತೊಂದರೆಯಾಗಿದೆಯಾ? ಕಾರು ಕೆಟ್ಟಿದೆಯಾ?" ಎಂದು ಕೇಳಿದರು. ನಮ್ಮ ಎದುರುಮನೆಯವರೇ ಅವರು. ಹದಿನಾರು ವರ್ಷದಿಂದ ಎದುರುಬದುರು ಇದ್ದೂ ಅವರಿಗೆ ನನ್ನ ಗುರುತು ಸಿಗಲಿಲ್ಲ. ಅವರು ಕಂಡಿದ್ದು ಯಾವಾಗಲೂ ನನ್ನ ಕಾರನ್ನು.

ಇನ್ನೊಂದು ಸಂಗತಿ ಇದಕ್ಕಿಂತ ಕಷ್ಟದ್ದಾಗಿತ್ತು. ಡೈಮಂಡ್ ಬಾರಿನ ವಾಸಂತಿ ಆಂಟಿ ನಮಗೆ ಇಲ್ಲಿ ತಾಯಿಯ ಹಾಗೆ. ಮಂಗಳೂರಿನವರು. ಇಳಾ ಹುಟ್ಟಿದಾಗ ನನಗೆ ಬಾಣಂತನ ಮಾಡಿದವರು. ಕಾರಿನ ಆ ಅಪಘಾತದ ನಂತರ ನಾನು ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ಅವರು ಬಂದು, ನನ್ನ ಕೈ ಹಿಡಿದುಕೊಂಡು, "ಯಾರತ್ರವೂ ಇದು ಫಿಟ್ಸ್ ಅಂತ ಹೇಳ್ಬೇಡ ಮಾರಾಯ್ತಿ. ನಿನಗೊಂದು ಮಗಳುಂಟು. ನಾಳೆ ಅವಳಿಗೆ ಸಂಬಂಧ ನೋಡುವಾಗ ಇದೆಲ್ಲ ಎದ್ದು ಬರ್ತದೆ" ಎಂದರು. ಪ್ರಕಾಶ್ ತಲೆಯಾಡಿಸಿದರು. ಅವತ್ತು ನಾನೂ ತಲೆಯಾಡಿಸಿದೆ. ಕಣ್ಣಿನ ಆಪರೇಷನ್ ಆಗಿದೆ, ಅದಕ್ಕೇ ಡ್ರೈವ್ ಮಾಡುತ್ತಿಲ್ಲ ಎಂದು ಒಂದು ಕತೆ ತಯಾರಾಯಿತು. ಆರು ತಿಂಗಳು ಆ ಕತೆಯನ್ನು ನಾನೇ ಎಷ್ಟೋ ಜನಕ್ಕೆ ಹೇಳಿದೆ.

ಆ ನಡುವೆ ಕಾಯಂ ಕೆಲಸಗಳಿಗೆ ಅಪ್ಲೈ ಮಾಡುತ್ತಿದ್ದೆ. ಮಾರ್ಚಿನಲ್ಲಿ ಟೂಸಾನ್‌ನ ಒಂದು ಕಾಲೇಜಿನಿಂದ ಪತ್ರ ಬಂತು. ಅರಿಜೋನದ ಮರುಭೂಮಿಯ ನಡುವಿನ ಊರು, ದೊಡ್ಡ ವಿಶ್ವವಿದ್ಯಾಲಯದ ಸುತ್ತ ಬೆಳೆದದ್ದು. ನನ್ನ ಬದುಕಿನ ಮೊದಲ ಕಾಯಂ ಕೆಲಸ. ಪತ್ರವನ್ನು ಪ್ರಕಾಶರಿಗೆ ತೋರಿಸಿದೆ.

"ನನ್ನ ಕೆಲಸ ಇಲ್ಲಿದೆ. ನೀನು ಅಲ್ಲಿ ಒಬ್ಳೇ ಹೇಗಿರ್ತೀಯ?"

"ಇಲ್ಲಿ ಬೆಳಗ್ಗೆ ಏಳರಿಂದ ಸಂಜೆ ಆರರ ತನಕ ಒಬ್ಳೇ ಇರ್ತೀನಲ್ಲ, ಹಾಗೇ."

"ಅದು ಬೇರೆ, ಇದು ಬೇರೆ."

"ಏನು ಬೇರೆ ಅಂತ ಹೇಳಿ ನೋಡೋಣ."

ಅದನ್ನು ಹೇಳುವ ಬದಲಿಗೆ ವಾಸಂತಿ ಆಂಟಿಗೆ ಫೋನ್ ಮಾಡಿದರು. ಎರಡೇ ದಿನದಲ್ಲಿ ನನ್ನ ವ್ಯವಸ್ಥೆಯೆಲ್ಲ ಆಗಿಹೋಗಿತ್ತು. ಆಂಟಿಯ ಅಕ್ಕನ ಮಗಳು ರೇಖಾ ಟೂಸಾನ್‌ನ ಉತ್ತರಕ್ಕೆ, ಬೆಟ್ಟದ ತಪ್ಪಲಿನ ಗೇಟೆಡ್ ಕಾಲೊನಿಯಲ್ಲಿದ್ದಾಳೆ. ಐದು ಬೆಡ್‌ರೂಮಿನ ಮನೆ. ಅದರಲ್ಲಿ ಒಂದು ರೂಮು ನನಗೆ. ರೇಖಾ ಕೆಲಸಕ್ಕೆ ಹೋಗುವಾಗ ನನ್ನನ್ನು ಕಾಲೇಜಿನಲ್ಲಿ ಇಳಿಸುತ್ತಾಳೆ, ಬರುವಾಗ ಕರೆದುಕೊಂಡು ಬರುತ್ತಾಳೆ. ರೇಖಾ ಒಳ್ಳೆಯವಳು, ಮನಸಾರೆ ಒಪ್ಪಿದ್ದಳು. ಯಾರೂ ಕೇಳದೆ ಬಿಟ್ಟದ್ದು ನನ್ನೊಬ್ಬಳನ್ನೇ.

ಯುಗಾದಿಯ ಊಟ ಆ ವರ್ಷ ಡೈಮಂಡ್ ಬಾರಿನ ಒಂದು ಸಭಾಂಗಣದಲ್ಲಿತ್ತು. ಕೊರೊನಾದ ನಂತರ ಎಲ್ಲರೂ ಕೂಡಿದ್ದು ಅದೇ ಮೊದಲು. ಒಬ್ಬಟ್ಟಿನ ಸಾಲಿನಲ್ಲಿ ನಿಂತಾಗ ಪರಿಚಯದವರೊಬ್ಬರು, "ಕಣ್ಣು ಹೇಗಿದೆ ಲತಾ? ಡ್ರೈವಿಂಗ್ ಶುರು ಮಾಡಿದ್ರಾ?" ಎಂದು ಕೇಳಿದರು. ನನ್ನ ಪರವಾಗಿ ವಾಸಂತಿ ಆಂಟಿಯೇ, "ಇನ್ನೂ ಸ್ವಲ್ಪ ಮಂಜು ಉಂಟಂತೆ" ಎಂದರು.

ನನಗೆ ಏನಾಯಿತೋ. ತಟ್ಟೆ ಮೇಜಿನ ಮೇಲಿಟ್ಟೆ. "ಕಣ್ಣಿಗೆ ಏನೂ ಆಗಿಲ್ಲ. ನಂಗೆ ಫಿಟ್ಸ್ ಇದೆ. ಮೂರ್ಛೆರೋಗ. ಮಾತ್ರೆ ತಗೊಳ್ತಾ ಇದೀನಿ" ಎಂದೆ. ಪಾಠ ಮಾಡಿ ಅಭ್ಯಾಸವಾದ ಗಂಟಲು ನನ್ನದು. ಸಭಾಂಗಣದ ಆ ತುದಿಯವರೆಗೂ ಕೇಳಿಸಿತು. ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತರು. ಆಂಟಿಯ ಮುಖ ಕೆಂಪಾಯಿತು. ಕಾರಿನಲ್ಲಿ ಮನೆಗೆ ಬರುವಾಗ ನಾನು ಆರು ತಿಂಗಳಲ್ಲಿ ಮೊದಲ ಸಲ ನಿರಾಳವಾಗಿ ಉಸಿರಾಡಿದೆ.

ಅವತ್ತೇ ನಿರ್ಧಾರ ಮಾಡಿದೆ. ಟೂಸಾನ್‌ಗೆ ಹೋಗುವುದು ಸರಿಯೇ; ಹೋದರೆ ನಡೆದು ಬದುಕಬಹುದಾದ ಬೀದಿಯಲ್ಲೇ ಇರುವುದು. ರೇಖಾಗೆ ನಾನೇ ಫೋನ್ ಮಾಡಿ ಬೇಡ ಅಂದೆ. "ಬೇಜಾರಾಗ್ಬೇಡ ಕಣಮ್ಮ. ನಿನ್ನ ಮನೇಲಿ ನಾನು ಬಿದ್ರೆ ಸಂಜೆ ನೀನು ಬರೋ ತನಕ ಯಾರಿಗೂ ಗೊತ್ತಾಗಲ್ಲ. ನಂಗೆ ನಾಲ್ಕು ಜನರ ಕಣ್ಣಿಗೆ ಬೀಳೋ ಜಾಗ ಬೇಕು" ಎಂದೆ. ಅವಳು, "ಅಕ್ಕಾ, ಇಲ್ಲಿ ಬೇಸಿಗೇಲಿ ಯಾರೂ ನಡೆಯಲ್ಲ. ಜೂನಲ್ಲಿ ಒಂದ್ಸಲ ಬಂದು ನೋಡಿ, ಆಮೇಲೆ ಹೇಳಿ" ಎಂದಳು. ಅವಳು ಹೆದರಿಸಲು ಹೇಳಿದಳು. ನಾನು ಅದನ್ನೇ ಹಿಡಿದುಕೊಂಡೆ.

ಜೂನ್ ಮೂರನೇ ವಾರ ಬಸ್ಸಿನಲ್ಲಿ ಸ್ಯಾನ್ ಡಿಯಾಗೊಗೆ ಹೋಗಿ, ಅಲ್ಲಿಂದ ಇಳಾಳ ಕಾರಿನಲ್ಲಿ ಹೊರಟೆ. ಬಂಡೆಗಳನ್ನು ಸುರಿದಂತಿರುವ ಬೆಟ್ಟ ದಾಟಿ, ಮರಳಿನ ದಿಬ್ಬಗಳನ್ನು ದಾಟಿ ಆರು ಗಂಟೆಯ ದಾರಿ. ಟೂಸಾನ್‌ನಲ್ಲಿ ಕಾರಿನ ಬಾಗಿಲು ತೆಗೆದಾಗ ದೋಸೆ ಕಾವಲಿಯ ಮೇಲೆ ಬಗ್ಗಿದಂತೆ ಮುಖಕ್ಕೆ ಝಳ ಹೊಡೆಯಿತು. ನಲವತ್ತೆರಡು ಡಿಗ್ರಿ. "ಅಮ್ಮಾ, ದಿಸ್ ಈಸ್ ಕ್ರೇಜಿ" ಎಂದಳು ಇಳಾ.

ನನ್ನದೊಂದೇ ನಿಯಮ. ಮನೆಯನ್ನು ಕಾರಿನಲ್ಲಿ ಹೋಗಿ ನೋಡುವಂತಿಲ್ಲ. ಕಾಲೇಜಿನ ಬಾಗಿಲಿಂದ ಮನೆಗೆ, ಮನೆಯಿಂದ ಔಷಧದಂಗಡಿಗೆ, ಅಲ್ಲಿಂದ ದಿನಸಿಗೆ ನಡೆದೇ ನೋಡಬೇಕು. ಮೊದಲ ದಿನ ನೋಡಿದ ಹೊಸ ಅಪಾರ್ಟ್‌ಮೆಂಟು ಥಳಥಳ ಅನ್ನುತ್ತಿತ್ತು, ಈಜುಕೊಳವೂ ಇತ್ತು. ಆದರೆ ಕಾಲೇಜಿಗೆ ಹೋಗಲು ಆರು ಲೇನಿನ ರಸ್ತೆ ದಾಟಬೇಕು. ನಾವು ನಡುವೆ ತಲುಪುವಷ್ಟರಲ್ಲಿ ಸಿಗ್ನಲ್ ಬದಲಾಗಿಹೋಗುತ್ತಿತ್ತು. ಎರಡನೇ ದಿನದ್ದು ಮಣ್ಣಿನ ಗೋಡೆಯ ಚಂದದ ಹಳೇ ಮನೆ. ಔಷಧದಂಗಡಿ ಅಲ್ಲಿಂದ ಮುಕ್ಕಾಲು ಗಂಟೆ. ದಾರಿಯಲ್ಲಿ ಒಂದು ಮರವಿಲ್ಲ. ಅರ್ಧ ದಾರಿಗೇ ಇಳಾ ಗ್ಯಾರೇಜೊಂದರ ನೆರಳಲ್ಲಿ ಕುಸಿದು ಕೂತು ಒಂದು ಬಾಟಲಿ ನೀರನ್ನು ತಲೆಗೇ ಸುರಿದುಕೊಂಡಳು. "ಅಪ್ಪ ಈಸ್ ರೈಟ್" ಎಂದಳು. ಅವತ್ತು ಸಂಜೆ ಮೋಟೆಲಿನಲ್ಲಿ ನನಗೂ ಧೈರ್ಯ ಕೆಟ್ಟಿತ್ತು. ಹೊರಗೆ ತೋರಿಸಲಿಲ್ಲ ಅಷ್ಟೇ.

ಮೂರನೆಯದು ವಿಶ್ವವಿದ್ಯಾಲಯದ ಪಶ್ಚಿಮಕ್ಕಿದ್ದ ಹಳೆಯ ಬೀದಿ. ಇಟ್ಟಿಗೆಯ ಪುಟ್ಟ ಮನೆಗಳು, ರಸ್ತೆಬದಿಗೆ ಹುಳಿ ಕಿತ್ತಳೆ ಮರಗಳು, ಮೂಲೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನುಗಳ ಅಂಗಡಿ, ಎರಡು ಬೀದಿ ಆಚೆ ಟ್ರಾಮು. ಮನೆಯ ಒಡತಿ ಡೀಲಿಯಾ, ಎಪ್ಪತ್ತು ದಾಟಿದ ಮೆಕ್ಸಿಕನ್ ಮೂಲದ ಹೆಂಗಸು. ತನ್ನ ಹಿತ್ತಲಿನ ಎರಡು ಕೋಣೆಯ ಮನೆಯನ್ನು ಬಾಡಿಗೆಗೆ ಕೊಡುವವಳು. ನಾವು ನಡೆದು ಬಂದದ್ದನ್ನು ಜಗಲಿಯಲ್ಲಿ ಕೂತು ನೋಡುತ್ತಲೇ ಇದ್ದಳು. ಹತ್ತಿರ ಬಂದ ಕೂಡಲೇ ಅವಳು ಕೇಳಿದ ಮೊದಲ ಪ್ರಶ್ನೆ: "ಯಾಕೆ ಬಿಸಿಲಿನ ಮಗ್ಗುಲಲ್ಲಿ ಬಂದಿರಿ?"

ಇಪ್ಪತ್ತಾರು ವರ್ಷ ಅದೇ ಬೀದಿಗಳಲ್ಲಿ ನಡೆದು ಟಪಾಲು ಹಂಚಿದವಳು ಅವಳು. ಕಾರಿಲ್ಲದೆ ನಡೆದೇ ಬದುಕಬೇಕೆಂಬ ನನ್ನ ಮಾತು ಪೂರ್ತಿ ಕೇಳಿ, ಒಳಗಿಂದ ಒಂದು ಹಳೆಯ ಲಕೋಟೆ ತಂದು ಅದರ ಬೆನ್ನಿಗೆ ಪೆನ್ಸಿಲಿನಿಂದ ಬೀದಿಗಳನ್ನು ಗೀಚಿದಳು. ಬೆಳಗ್ಗೆ ಒಂಬತ್ತರವರೆಗೆ ಈ ಬೀದಿಯ ಪೂರ್ವದ ಬದಿ. ಮಧ್ಯಾಹ್ನ ನಡೆಯಲೇಬೇಡ. ನಾಲ್ಕರ ನಂತರ ಆ ಇಗರ್ಜಿಯ ಗೋಡೆ ಹಿಡಿದು ಹೋಗು. ಇಲ್ಲೊಂದು ನಾಯಿ ಇದೆ, ಬೊಗಳುತ್ತದೆ, ಕಚ್ಚುವುದಿಲ್ಲ.

"ನನಗೆ ಮೂರ್ಛೆರೋಗ ಇದೆ. ಬೀದಿಯಲ್ಲಿ ಬೀಳಬಹುದು" ಎಂದೆ. ಬಾಡಿಗೆ ಕೊಡಲಿ ಬಿಡಲಿ, ಮುಚ್ಚಿಡುವುದಿಲ್ಲ ಎಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಡೀಲಿಯಾ ಪೆನ್ಸಿಲ್ ಕೆಳಗಿಟ್ಟಳು. "ಹಾಗಾದರೆ ಬೀದಿಯವರಿಗೆ ಹೇಳಿಡಬೇಕು" ಎಂದಳು, ನೀರಿನ ಪೈಪು ಸೋರುವ ಸುದ್ದಿ ಹೇಳುವಷ್ಟು ಸಲೀಸಾಗಿ.

ಜುಲೈ ಮೊದಲ ವಾರ ಪ್ರಕಾಶ್ ನನ್ನ ಸಾಮಾನು ತುಂಬಿಕೊಂಡು ಬಂದು ಬಿಟ್ಟುಹೋದರು. ಸಾರಿನ ಪುಡಿ, ಕುಕ್ಕರ್, ಪುಸ್ತಕದ ಡಬ್ಬಗಳು. ಮನೆಯಲ್ಲಿ ಎ.ಸಿ. ಇರಲಿಲ್ಲ, ಒದ್ದೆ ಹುಲ್ಲಿನ ಮೂಲಕ ಗಾಳಿ ಬೀಸುವ ಹಳೇ ಕಾಲದ ಕೂಲರು ಮಾತ್ರ. ಅದರ ಮುಂದೆ ನಿಂತು ಅವರು, "ಇದು ನನ್ನ ತಾತನ ಕಾಲದ್ದು" ಎಂದರು. ಹೊರಡುವಾಗ ಮುಖ ಗಂಟಿಕ್ಕಿಕೊಂಡೇ ಹೋದರು. ಅರ್ಧ ದಾರಿಯ ಯೂಮಾ ಊರು ದಾಟಿದ ಮೇಲೆ ಫೋನ್ ಮಾಡಿ, ಮಾತ್ರೆ ತಗೊಂಡೆಯಾ ಎಂದು ಕೇಳಿದರು.

ಮಾರನೇ ದಿನದಿಂದ ಡೀಲಿಯಾ ಮತ್ತು ನಾನು ಬೀದಿ ಸುತ್ತಿದೆವು. ನಾನು ಒಂದು ಚೀಟಿ ಬರೆದೆ. ಅವಳು ಅದನ್ನು ಸ್ಪ್ಯಾನಿಶ್‌ಗೆ ಮಾಡಿದಳು. ಮಗ್ಗುಲಿಗೆ ತಿರುಗಿಸಿ. ಬಾಯಿಗೆ ಏನೂ ತುರುಕಬೇಡಿ. ಗಡಿಯಾರ ನೋಡಿ; ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ಕೆಳಗೆ ನನ್ನ ಹೆಸರು, ಡೀಲಿಯಾಳ ನಂಬರು. ಬಟ್ಟೆ ಒಗೆಯುವ ಅಂಗಡಿಯ ಮಾರ್ಥಾಗೆ ಒಂದು, ಔಷಧದಂಗಡಿಯವನಿಗೆ ಒಂದು, ಕಾಫಿ ಅಂಗಡಿಗೆ ಒಂದು, ಮಾರ್ಥಾಳ ಅಂಗಡಿಯೆದುರಿನ ನೆರಳಲ್ಲಿ ದಿನವಿಡೀ ಚೆಸ್ ಆಡುವ ಇಬ್ಬರು ಮುದುಕರಿಗೆ ಒಂದು. ಮಾರ್ಥಾ ಚೀಟಿ ಓದಿ, ತನ್ನ ತಮ್ಮನಿಗೂ ಇದೇ ಇತ್ತು ಎಂದು ಹೇಳಿ, ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದಳು. ಒಬ್ಬರೂ ಮುಖ ತಿರುಗಿಸಲಿಲ್ಲ ಎನ್ನಲಾರೆ. ಒಂದು ಮನೆಯವರು ಬಾಗಿಲು ಪೂರ್ತಿ ತೆಗೆಯಲೇ ಇಲ್ಲ. ಆ ಬಾಗಿಲ ಸಂದಿಯಲ್ಲೂ ಒಂದು ಚೀಟಿ ತೂರಿಸಿ ಬಂದೆ.

ಜುಲೈ ಮಧ್ಯದಲ್ಲಿ ಮಳೆ ಶುರುವಾಯಿತು. ಅಲ್ಲಿಯ ಮಳೆ ಮಧ್ಯಾಹ್ನ ಮೂರರ ಹೊತ್ತಿಗೆ ಬೆಟ್ಟದ ಮೇಲೆ ಕಪ್ಪಗೆ ಎದ್ದು ನಿಂತು, ಮೊದಲು ಧೂಳಿನ ಗೋಡೆಯನ್ನು ನೂಕಿ, ಆಮೇಲೆ ಆ ಪೊದೆಗಳ ವಾಸನೆಯನ್ನು ಊರೊಳಗೆ ಕಳಿಸುತ್ತದೆ. ಅರ್ಧ ಗಂಟೆ ಕಲ್ಲು ಎಸೆದಂತೆ ಹೊಡೆದು ನಿಂತುಬಿಡುತ್ತದೆ. ಉಡುಪಿಯ ಮಳೆಯಲ್ಲಿ ಬೆಳೆದ ನನಗೆ ಮೊದಲು ನಗು ಬಂತು. ಬೀದಿಯಲ್ಲಿ ಮೊಣಕಾಲುಮಟ್ಟ ಕೆಂಪು ನೀರು ಹರಿದು ಕಸದ ಡಬ್ಬಗಳನ್ನು ತೇಲಿಸಿಕೊಂಡು ಹೋದ ದಿನ ನಗು ನಿಂತಿತು. ಮಳೆ ನಿಂತ ಮೇಲೆ ಎಲ್ಲರೂ ಜಗಲಿಗೆ ಬರುತ್ತಿದ್ದರು. ನಾನೂ ಕುರ್ಚಿ ಹಾಕಿಕೊಂಡು ಡೀಲಿಯಾಳ ಪಕ್ಕ ಕೂರುತ್ತಿದ್ದೆ.

ಆಗಸ್ಟಿನ ಕೊನೆಗೆ ಕ್ಲಾಸುಗಳು ಶುರುವಾದವು. ಮೊದಲ ವಾರದ ಗುರುವಾರ, ಬೆಳಗ್ಗೆ ಎಂಟರ ಸುಮಾರಿಗೆ, ಮಾರ್ಥಾಳ ಅಂಗಡಿಯ ಮುಂದೆ ನಾನು ಬಿದ್ದೆ.

ಬಿದ್ದದ್ದು ನನಗೆ ಗೊತ್ತಿಲ್ಲ. ಎಚ್ಚರವಾದಾಗ ತಲೆಯ ಕೆಳಗೆ ಒಗೆದು ಒಣಗಿಸಿದ, ಇನ್ನೂ ಬೆಚ್ಚಗಿದ್ದ ಟವೆಲುಗಳಿದ್ದವು. ಚೆಸ್ ಮುದುಕರಲ್ಲಿ ಒಬ್ಬ ಬಿಸಿಲಿಗೆ ಅಡ್ಡವಾಗಿ ಛತ್ರಿ ಹಿಡಿದಿದ್ದ. ಇನ್ನೊಬ್ಬ ಚೆಸ್ ಗಡಿಯಾರವನ್ನೇ ಕೈಯಲ್ಲಿ ಹಿಡಿದುಕೊಂಡು, "ಎರಡು ನಿಮಿಷ, ಹತ್ತು ಸೆಕೆಂಡು" ಎಂದು ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದ. ಒರಟು ಸಿಮೆಂಟಿಗೆ ಉಜ್ಜಿ ಮೊಣಕೈಯ ಚರ್ಮ ಸುಲಿದಿತ್ತು. ಡೀಲಿಯಾ ಪಕ್ಕದಲ್ಲಿ ಮಂಡಿಯೂರಿ ಕೂತು ಕೇಳಿದಳು: "ಇವತ್ತು ಯಾವ ವಾರ?" "ಗುರುವಾರ. ಹತ್ತು ಗಂಟೆಗೆ ನನಗೆ ಲ್ಯಾಬ್ ಇದೆ" ಎಂದೆ. "ಇವತ್ತು ಇಲ್ಲ" ಎಂದಳು. ಅದೊಂದು ಸಲ ಮಾತ್ರ ನಾನು ವಾದ ಮಾಡಲಿಲ್ಲ.

ಸಂಜೆ ಐದಕ್ಕೆ ಪ್ರಕಾಶ್ ಬಂದರು. ಡೀಲಿಯಾಳ ಫೋನ್ ಸಿಕ್ಕ ತಕ್ಷಣ ಆಫೀಸಿನಿಂದಲೇ ಹೊರಟಿದ್ದರು. ಬ್ಯಾಡ್ಜು ಇನ್ನೂ ಕೊರಳಲ್ಲಿತ್ತು. ನನ್ನನ್ನು ನೋಡಿ, ಮೊಣಕೈ ನೋಡಿ, ಮಂಚದ ಕೆಳಗಿನ ಸೂಟ್‌ಕೇಸ್ ಎಳೆದು ಬಟ್ಟೆ ತುಂಬತೊಡಗಿದರು.

"ಏನು ಮಾಡ್ತಾ ಇದೀರಿ?"

"ನಡಿ. ಸಾಕು. ನಿನ್ನ ಹಟ ಎಲ್ಲ ನೋಡಿದ್ದಾಯ್ತು."

"ನಾನು ಬರಲ್ಲ."

"ಲತಾ, ಎಂಟು ಗಂಟೆ ಡ್ರೈವ್ ಮಾಡ್ಕೊಂಡು ಬಂದಿದೀನಿ. ನಿಂಗೇನಾಗಿದ್ಯೋ ಏನೋ ಅಂತ ದಾರಿಯುದ್ದಕ್ಕೂ... ಆ ಮರಳಿನ ದಿಬ್ಬಗಳ ಹತ್ರ ಗಾಡಿ ನಿಲ್ಲಿಸಿ ಅತ್ತುಬಿಟ್ಟೆ ಕಣೇ. ಐವತ್ತೆರಡು ವರ್ಷದ ಗಂಡಸು." ಕೈಯಲ್ಲಿ ನನ್ನ ಎರಡು ಕುರ್ತಾ ಹಿಡಿದು ಸೂಟ್‌ಕೇಸಿನ ಮುಂದೆ ಹಾಗೇ ಕೂತರು.

ನಾನು ಪಕ್ಕದಲ್ಲಿ ಕೂತೆ. ಸಮಾಧಾನ ಮಾಡಲು ಏನಾದರೂ ಹೇಳಬಹುದಿತ್ತು. ಆದರೆ ಆವತ್ತು ಅರೆಬರೆ ಮಾತು ಆಡಿದರೆ ನಾಳೆ ಬೆಳಗ್ಗೆ ನಾನು ಕಾರಿನಲ್ಲಿರುತ್ತೇನೆ ಎಂದು ಗೊತ್ತಿತ್ತು. "ಟೊರೆನ್ಸಿನಲ್ಲೂ ಬೀಳ್ತೀನಿ ರೀ. ಅಲ್ಲಿ ಅಡುಗೆಮನೇಲಿ ಒಬ್ಳೇ ಬೀಳ್ತೀನಿ. ನನ್ನ ಕಾಯಿಲೆ ಎಲ್ಲಿಗೆ ಹೋದ್ರೂ ಬರತ್ತೆ. ನನ್ನ ಕೆಲಸ ಮಾತ್ರ ಇಲ್ಲೇ ಇರೋದು" ಎಂದೆ. ಆ ರಾತ್ರಿಯೆಲ್ಲ ಸೂಟ್‌ಕೇಸ್ ತೆರೆದೇ ಇತ್ತು.

ಮಾರನೇ ಬೆಳಗ್ಗೆ ಏಳಕ್ಕೆ ಔಷಧದಂಗಡಿಗೆ ಹೊರಟೆ. ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದರು. ಪ್ರಕಾಶ್ ಕಾರಿನ ಕೀ ತಗೊಂಡರು. "ನಡೆದು ಬರೋದಾದ್ರೆ ಬನ್ನಿ" ಎಂದೆ. ಬಂದರು, ಬೈದುಕೊಂಡೇ. ಜಗಲಿಯಿಂದ ಒಬ್ಬರು ಕೈ ಎತ್ತಿ ಹೇಗಿದ್ದೀಯ ಅಂದರು. ಕಾಫಿ ಅಂಗಡಿಯ ಹುಡುಗಿ ಹೊರಗೆ ಬಂದು ಮೊಣಕೈ ನೋಡಿದಳು. ಮಾರ್ಥಾ ನಮ್ಮನ್ನು ಕಂಡು ಒಳಗೆ ಓಡಿ, ನನ್ನ ಎಡಗಾಲಿನ ಚಪ್ಪಲಿ ತಂದಳು; ಬಿದ್ದಾಗ ಕಳಚಿ ಹೋದದ್ದನ್ನು ತೊಳೆದು ಇಟ್ಟಿದ್ದಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಪ್ರಕಾಶರನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇನಾ ಗಂಡ? ಈ ಬಿಸಿಲಲ್ಲಿ ಟೋಪಿ ಇಲ್ಲದೆ ಬಂದಿದ್ದೀಯಲ್ಲ, ನೀನು ಬಿದ್ದರೆ ನಿನ್ನ ಚೀಟಿ ನಮ್ಮ ಹತ್ತಿರ ಇಲ್ಲ!"

ಪ್ರಕಾಶ್ ಗೋಡೆಯ ಮೇಲಿನ ಚೀಟಿಯನ್ನು ಬಹಳ ಹೊತ್ತು ಓದಿದರು. ಇಂಗ್ಲಿಷಿನದನ್ನು ಓದಿದರು, ಗೊತ್ತಿಲ್ಲದ ಸ್ಪ್ಯಾನಿಶಿನದನ್ನೂ ಓದಿದರು. ಜೇಬಿನಿಂದ ಪೆನ್ನು ತೆಗೆದು ಡೀಲಿಯಾಳ ನಂಬರಿನ ಕೆಳಗೆ ತಮ್ಮ ನಂಬರು ಬರೆದರು. ವಾಪಸು ಬರುವಾಗ ಅಂದರು, "ನಂಗಿನ್ನೂ ಇದು ಸರಿ ಅನ್ನಿಸ್ತಿಲ್ಲ."

"ಅನ್ನಿಸೋದು ಬೇಡ. ನೆರಳಿನ ಕಡೆ ಬನ್ನಿ" ಎಂದೆ.

ಭಾನುವಾರ ಅವರು ಒಬ್ಬರೇ ಹೊರಟರು. ಹೋಗುವ ಮೊದಲು ಸೂಟ್‌ಕೇಸಿನಲ್ಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಕಪಾಟಿನಲ್ಲಿ ಇಟ್ಟರು. ನಾನು ಸಹಾಯ ಮಾಡಲಿಲ್ಲ. ಅದು ಅವರೇ ಮಾಡಬೇಕಾದ ಕೆಲಸವಾಗಿತ್ತು.

ಸೋಮವಾರ ಹೊತ್ತಿಗೆ ಸರಿಯಾಗಿಯೇ ಮನೆ ಬಿಟ್ಟೆ. ಆದರೆ ದಾರಿಯುದ್ದಕ್ಕೂ ಜನ. ಚೆಸ್ ಮುದುಕರು ಎರಡು ನಿಮಿಷ ಹತ್ತು ಸೆಕೆಂಡಿನ ಕತೆಯನ್ನು ಮತ್ತೆ ಮೊದಲಿಂದ ಹೇಳಿದರು. ಮಾರ್ಥಾಗೆ ಗಾಯ ತೋರಿಸಬೇಕಿತ್ತು. ಹಿಂದೆ ಬಾಗಿಲು ತೆಗೆಯದಿದ್ದ ಮನೆಯ ಹೆಂಗಸು ಗೇಟಿನ ಹತ್ತಿರ ಕಾದಿದ್ದು, ಮೊಣಕೈಗೆ ಹಚ್ಚಿಕೋ ಎಂದು ಲೋಳೆಸರದ ಒಂದು ತುಂಡು ಮುರಿದು ಕೊಟ್ಟಳು. ಲ್ಯಾಬಿನ ಬಾಗಿಲು ತಳ್ಳಿದಾಗ ಹತ್ತು ನಿಮಿಷ ತಡವಾಗಿತ್ತು. ಇಪ್ಪತ್ತನಾಲ್ಕು ಹುಡುಗ ಹುಡುಗಿಯರು ನನ್ನ ಕೈಯ ಬ್ಯಾಂಡೇಜನ್ನೂ ಆ ಲೋಳೆಸರವನ್ನೂ ನೋಡುತ್ತಿದ್ದರು. ನಾನು ಕ್ಷಮೆ ಕೇಳಲಿಲ್ಲ. "ನನಗೆ ಮೂರ್ಛೆರೋಗ ಇದೆ. ನಾನು ಬಿದ್ದರೆ ಏನು ಮಾಡಬೇಕು ಅಂತ ಮೊದಲು ಹೇಳಿಕೊಡುತ್ತೇನೆ. ಆಮೇಲೆ ಆಮ್ಲ, ಕ್ಷಾರ" ಎಂದು ಚೀಟಿಗಳನ್ನು ಹಂಚತೊಡಗಿದೆ.